ಮೊಲಗಳನ್ನು ಮನೆಯೊಳಗೆ ಸಾಕಿದ ಕವಿ ಕೂಪರ್

ರಾಗಿ ಕೊಯ್ಲು ಮುಗಿಯುತ್ತ ಬಂದು ಹೊಲದ ನಡುವೆ ನಾಲ್ಕಾರು ಸಾಲು ಪೈರು ಉಳಿದಿರುವಾಗ, ಅದರೊಳಗಿಂದ ಮೊಲವೊಂದು ಚಂಗನೆ ಎದ್ದು ಓಡುವುದನ್ನು ನೀವು ನೋಡಿಯೇ ಇರುತ್ತೀರಿ. ಕೆಲವು ಸಲ ದೊಡ್ಡದು ತಪ್ಪಿಸಿಕೊಂಡು ಮರಿ ಮಾತ್ರ ಕೈಗೆ ಸಿಗುತ್ತದೆ. ಮಕ್ಕಳು ಅದನ್ನು ಎದೆಗವಚಿಕೊಂಡು ಮನೆಗೆ ತರುತ್ತಾರೆ, ಬುಟ್ಟಿಯ ಕೆಳಗೆ ಕವುಚಿ ಹಾಕುತ್ತಾರೆ, ಗಳಿಗೆಗೊಮ್ಮೆ ತೆಗೆದು ನೋಡುತ್ತಾರೆ. ಎರಡು ದಿನ ಸಂಭ್ರಮ, ಮೂರನೆಯ ದಿನ ಮರಿ ಸತ್ತಿರುತ್ತದೆ.

ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನಲ್ಲಿ ಹೀಗೆಯೇ ಒಂದು ಮರಿ ಮಕ್ಕಳ ಕೈಗೆ ಸಿಕ್ಕಿ ಸೊರಗುತ್ತಿತ್ತು. ಅದು ಸಾಯಲಿಲ್ಲ. ಪಕ್ಕದ ಮನೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಸೊರಗಿದ್ದ ಮನುಷ್ಯನೊಬ್ಬನಿದ್ದ. ಮರಿ ಅವನ ಮನೆ ಸೇರಿತು. ಆತನೇ ವಿಲಿಯಂ ಕೂಪರ್. ಮುಂದೆ ಇಂಗ್ಲಿಷಿನ ದೊಡ್ಡ ಕವಿಗಳಲ್ಲಿ ಒಬ್ಬನೆನಿಸಿದವನು. ಈತನ ಕಾವ್ಯದ ಮಾತು ಸಾಹಿತ್ಯದ ಪುಟಕ್ಕೆ ಸೇರಿದ್ದು, ಅದನ್ನು ಅಲ್ಲಿಗೇ ಬಿಡೋಣ. ಈತ ಮೊಲಗಳನ್ನು ಹೇಗೆ ಸಾಕಿದ, ಮೊಲಗಳು ಈತನನ್ನು ಹೇಗೆ ಉಳಿಸಿದವು ಎಂಬುದು ಮಾತ್ರ ದನಕರು ಸಾಕುವ ನಿಮಗೆ ತಿಳಿದಿರಬೇಕಾದ ಸಂಗತಿ.

ಕೂಪರ್ ಹುಟ್ಟಿದ್ದು 1731ರ ನವೆಂಬರಿನಲ್ಲಿ, ಲಂಡನ್ನಿನ ವಾಯುವ್ಯಕ್ಕಿರುವ ಬರ್ಕಮ್‌ಸ್ಟೆಡ್ ಎಂಬಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಹುಡುಗನಿಗೆ ಆರು ವರ್ಷ ತುಂಬುವ ಹೊತ್ತಿಗೆ ತಾಯಿ ಬಾಣಂತನದಲ್ಲಿ ತೀರಿಕೊಂಡಳು. ತಾಯಿ ಸತ್ತ ಮಗುವನ್ನು ದೂರದ ವಸತಿ ಶಾಲೆಗೆ ಹಾಕಿದರು. ಅಲ್ಲಿ ದೊಡ್ಡ ಹುಡುಗನೊಬ್ಬ ಇವನನ್ನು ಎಷ್ಟು ಹಿಂಸಿಸಿದನೆಂದರೆ, ಅವನ ಮುಖವನ್ನು ಕಣ್ಣೆತ್ತಿ ನೋಡಲೂ ಇವನಿಗೆ ಧೈರ್ಯವಿರಲಿಲ್ಲ. ಅವನ ಷೂಗಳನ್ನು ಕಂಡೇ ಅವನನ್ನು ಗುರುತು ಹಿಡಿಯುತ್ತಿದ್ದನಂತೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಕ್ಕಳ ಕೈಯಲ್ಲಿ ಸಿಕ್ಕಿಬಿದ್ದ ಮೊಲದ ಮರಿಯನ್ನು ಕಂಡಾಗ ಈ ಮನುಷ್ಯನಿಗೆ ಏನನ್ನಿಸಿರಬಹುದೆಂದು ಊಹಿಸುವುದಕ್ಕೆ ಬೇಕಾಗುತ್ತದೆ.

ಮುಂದೆ ಲಂಡನ್ನಿನಲ್ಲಿ ವಕೀಲಿ ಓದಿದ. ಚಿಕ್ಕಪ್ಪನ ಮಗಳನ್ನು ಪ್ರೀತಿಸಿದ, ಚಿಕ್ಕಪ್ಪ ಒಪ್ಪಲಿಲ್ಲ. 1763ರಲ್ಲಿ, ಮೂವತ್ತೆರಡರ ಹೊಸ್ತಿಲಿನಲ್ಲಿ, ನೆಂಟರ ಪ್ರಭಾವದಿಂದ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಒಂದು ಗುಮಾಸ್ತೆಯ ಹುದ್ದೆ ಕೈಗೆ ಬರುವಂತಾಯಿತು. ಆದರೆ ಅದಕ್ಕೆ ಮೊದಲು ಸಭೆಯ ಮುಂದೆ ನಿಂತು ಪರೀಕ್ಷೆಗೆ ಒಳಗಾಗಬೇಕಿತ್ತು. ಆ ಭಯಕ್ಕೆ ಮನಸ್ಸು ಮುರಿದುಬಿತ್ತು. ಪ್ರಾಣ ಕಳೆದುಕೊಳ್ಳಲು ಒಂದಕ್ಕಿಂತ ಹೆಚ್ಚು ಸಲ ಯತ್ನಿಸಿದ. ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಂಡು ಉಪಚರಿಸುತ್ತಿದ್ದ ವೈದ್ಯ ಕಾಟನ್ ಎಂಬಾತನಲ್ಲಿಗೆ ಕಳಿಸಿದರು. ಆ ಕಾಲದಲ್ಲಿ ಇಂಥ ರೋಗಿಗಳನ್ನು ಸರಪಳಿ ಬಿಗಿದು ಇಡುತ್ತಿದ್ದುದೇ ಹೆಚ್ಚು. ಕಾಟನ್ ಒಳ್ಳೆಯ ಮನುಷ್ಯ. ಒಂದೂವರೆ ವರ್ಷದ ಮೇಲೆ, 1765ರಲ್ಲಿ, ಕೂಪರ್ ಹೊರಗೆ ಬಂದ.

ಆಮೇಲೆ ಹಂಟಿಂಗ್ಡನ್ ಎಂಬ ಊರಿನಲ್ಲಿ ಅನ್ವಿನ್ ಎಂಬ ಪಾದ್ರಿಯ ಮನೆಯಲ್ಲಿ ತಂಗಿದ. 1767ರಲ್ಲಿ ಕುದುರೆಯಿಂದ ಬಿದ್ದು ಪಾದ್ರಿ ತೀರಿಕೊಂಡ. ಅವನ ಹೆಂಡತಿ ಮೇರಿ ಅನ್ವಿನ್ ಮತ್ತು ಕೂಪರ್ ಓಲ್ನಿಗೆ ಬಂದು ನೆಲೆಸಿದರು. ಆಕೆ ಇವನಿಗಿಂತ ಏಳೆಂಟು ವರ್ಷ ಹಿರಿಯಳು. ಅಂದಿನಿಂದ ತಾನು ಸಾಯುವ ತನಕ, ಸುಮಾರು ಮೂವತ್ತು ವರ್ಷ, ಆಕೆ ಇವನನ್ನು ಮಗುವಿನಂತೆ ನೋಡಿಕೊಂಡಳು. ಮದುವೆಯಾಗಲಿಲ್ಲ. ಊರು ಏನೆಂದಿತೋ ಬಿಟ್ಟಿತೋ, ಆಕೆ ಅದಕ್ಕೆ ಕಿವಿಗೊಡಲಿಲ್ಲ.

ಓಲ್ನಿ ಊಸ್ ನದಿಯ ದಡದ ಬಡ ಊರು. ಹೆಂಗಸರು, ಮಕ್ಕಳು ಮನೆಮನೆಯಲ್ಲಿ ದಾರದ ಉಂಡೆಗಳನ್ನಿಟ್ಟುಕೊಂಡು ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಅಲ್ಲಿನ ಪಾದ್ರಿ ಜಾನ್ ನ್ಯೂಟನ್, ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಆಮೇಲೆ ಮನಸ್ಸು ತಿರುಗಿ ಪಾದ್ರಿಯಾದವನು. ಇಬ್ಬರೂ ಸೇರಿ ದೇವರ ಹಾಡುಗಳನ್ನು ಬರೆಯುತ್ತಿದ್ದರು. ಇಷ್ಟರಲ್ಲಿ 1773ರ ಆರಂಭದಲ್ಲಿ ಕೂಪರನ ರೋಗ ಮರುಕಳಿಸಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟನೆಂದು ಕನಸು ಕಂಡ. ಆ ಕನಸನ್ನು ಸಾಯುವವರೆಗೂ ನಿಜವೆಂದೇ ನಂಬಿದ. ಒಂದು ವರ್ಷಕ್ಕೂ ಮೇಲ್ಪಟ್ಟು ನ್ಯೂಟನನ ಮನೆಯಲ್ಲಿ ಇರಿಸಿಕೊಂಡು ನೋಡಿಕೊಳ್ಳಬೇಕಾಯಿತು. 1774ರ ಬೇಸಿಗೆಯ ಮೊದಲಿಗೆ ತನ್ನ ಮನೆಗೆ ಮರಳಿದ. ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ಮನುಷ್ಯರು ಎದುರಿಗೆ ಬಂದು ಕೂತರೆ ತಡೆಯಲಾಗುತ್ತಿರಲಿಲ್ಲ. ಸುಮ್ಮನೆ ಕೂತರೆ ಮನಸ್ಸು ಕತ್ತಲಿಗೆ ಎಳೆಯುತ್ತಿತ್ತು.

ಮರಿ ಬಂದದ್ದು ಈ ಹೊತ್ತಿನಲ್ಲಿ. ನೆರೆಮನೆಯವನ ಮಕ್ಕಳಿಗೆ ಯಾರೋ ಆಟಕ್ಕೆಂದು ಕೊಟ್ಟಿದ್ದರು, ಸುಮಾರು ಮೂರು ತಿಂಗಳಿನದು. ಮಕ್ಕಳಿಗೆ ಅದನ್ನು ಕಾಡಲು ಗೊತ್ತಿತ್ತೇ ಹೊರತು ತಿನ್ನಿಸಲು ಗೊತ್ತಿರಲಿಲ್ಲ. ಆಟದ ಸಂಭ್ರಮವೂ ಬೇಗ ಹಳತಾಯಿತು. ಮರಿ ದಿನದಿನಕ್ಕೆ ಬಡವಾಗುವುದನ್ನು ಕಂಡ ತಂದೆ, ನೀವು ಇಟ್ಟುಕೊಳ್ಳುತ್ತೀರಾ ಎಂದು ಕೂಪರನನ್ನು ಕೇಳಿದ. ಕೂಪರ್ ಒಪ್ಪಿಕೊಂಡ. ಇಂಥ ಪ್ರಾಣಿಯನ್ನು ನೋಡಿಕೊಳ್ಳುವುದು, ಪಳಗಿಸಲು ಯತ್ನಿಸುವುದು ತನ್ನ ಸ್ಥಿತಿಯವನಿಗೆ ತಕ್ಕ ಕೆಲಸವೆಂದು ಅವನಿಗೇ ತೋಚಿತು. ಮನೋವೈದ್ಯರು ಇಂದು ಇಂಥದನ್ನು ಸಲಹೆ ಮಾಡುತ್ತಾರೆ. ಆಗ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ಸುದ್ದಿ ಹಬ್ಬಿತು. ಕೂಪರನಿಗೆ ಮೊಲವೆಂದರೆ ಇಷ್ಟವಂತೆ ಎಂದು ಊರವರೆಲ್ಲ ಮರಿಗಳನ್ನು ತರತೊಡಗಿದರು. ಎಲ್ಲವನ್ನೂ ತೆಗೆದುಕೊಂಡಿದ್ದರೆ ಒಂದು ದೊಡ್ಡಿಯೇ ತುಂಬುತ್ತಿತ್ತು. ಆತ ಮೂರಕ್ಕೆ ನಿಲ್ಲಿಸಿದ. ಇದು ಬುದ್ಧಿವಂತಿಕೆ. ಕನಿಕರದಿಂದ ಪ್ರಾಣಿ ಸಾಕುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಬಂದದ್ದನ್ನೆಲ್ಲ ಸೇರಿಸಿಕೊಂಡು ಕೊನೆಗೆ ಒಂದನ್ನೂ ಸರಿಯಾಗಿ ನೋಡಿಕೊಳ್ಳಲಾಗದೆ ಹೋಗುತ್ತದೆ. ಮೂರಕ್ಕೂ ಹೆಸರಿಟ್ಟ: ಪುಸ್, ಟೈನಿ, ಬೆಸ್. ಹೆಸರು ಹೆಣ್ಣಿನವಾದರೂ ಮೂರೂ ಗಂಡು.

ಮಾತಿನ ನಡುವೆ ಒಂದು ವಿವರ. ಕನ್ನಡದಲ್ಲಿ ನಾವು ಎರಡು ಬೇರೆ ಪ್ರಾಣಿಗಳಿಗೆ ಮೊಲ ಎಂಬ ಒಂದೇ ಹೆಸರು ಬಳಸುತ್ತೇವೆ. ಹೊಲದಲ್ಲಿ ಓಡುವುದು ಕಾಡುಮೊಲ. ಅದು ಬಿಲ ತೋಡುವುದಿಲ್ಲ, ಬಯಲಿನಲ್ಲೇ ಗುಳಿ ಮಾಡಿಕೊಂಡು ಮಲಗುತ್ತದೆ. ಮರಿ ಹುಟ್ಟುವಾಗಲೇ ಮೈಮೇಲೆ ಕೂದಲು, ಕಣ್ಣು ತೆರೆದಿರುತ್ತವೆ. ಗೂಡಿನಲ್ಲಿ ಸಾಕುವ ಬಿಳಿ, ಬೂದು ಮೊಲಗಳು ಯೂರೋಪಿನ ಬಿಲಮೊಲದ ಸಂತತಿ. ಅವುಗಳ ಮರಿ ಬೆತ್ತಲೆ, ಕುರುಡು. ಬಿಲಮೊಲ ನೂರಾರು ವರ್ಷಗಳಿಂದ ಮನುಷ್ಯನ ಕೈಯಲ್ಲಿ ಪಳಗಿದೆ, ಕಾಡುಮೊಲ ಎಂದೂ ಪಳಗಿದ ಜಾತಿಯಲ್ಲ. ಕೂಪರ್ ಸಾಕಿದ್ದು ಕಾಡುಮೊಲಗಳನ್ನು. ಆದ್ದರಿಂದಲೇ ಅವನ ಅನುಭವ ಅಷ್ಟು ಅಪರೂಪದ್ದು.

ಗೂಡುಗಳನ್ನು ಆತ ತಾನೇ ಮಾಡಿದ. ವಕೀಲಿ ಓದಿದ ಕೈ ಗರಗಸ, ಉಳಿ ಹಿಡಿಯಿತು. ಒಂದೊಂದಕ್ಕೂ ಪ್ರತ್ಯೇಕ ಕೋಣೆ. ತಳದಲ್ಲಿ ಸಂದು ಬಿಟ್ಟು ಹಿಕ್ಕೆ, ಮೂತ್ರ ಕೆಳಗೆ ಬೀಳುವಂತೆ ಮಾಡಿದ. ಪ್ರತಿಯೊಂದರ ಕೆಳಗೂ ಒಂದು ಮಣ್ಣಿನ ತಟ್ಟೆ, ಅದನ್ನು ತಪ್ಪದೆ ಚೆಲ್ಲಿ ತೊಳೆಯುವುದು. ಇಂದು ಮೊಲ ಸಾಕಣೆಯವರು ತಂತಿಬಲೆಯ ತಳ, ಕೆಳಗೆ ತಟ್ಟೆ ಎಂದು ಹೇಳಿಕೊಡುವುದೂ ಇದನ್ನೇ. ಹಗಲು ಮೂರಕ್ಕೂ ಮನೆಯ ಹಜಾರದಲ್ಲಿ ಓಡಾಡುವ ಸ್ವಾತಂತ್ರ್ಯ. ರಾತ್ರಿಯಾದರೆ ಒಂದೊಂದೂ ತನ್ನ ತನ್ನ ಗೂಡಿಗೆ ಹೋಗಿ ಮಲಗುತ್ತಿತ್ತು. ಒಂದು ಇನ್ನೊಂದರ ಹಾಸಿಗೆಗೆ ನುಗ್ಗುತ್ತಿರಲಿಲ್ಲ.

ಸಂಜೆ ಊಟವಾದ ಮೇಲೆ ಅವುಗಳನ್ನು ಒಳಕೋಣೆಗೆ ಬಿಡುವುದು ವಾಡಿಕೆ. ಅಲ್ಲಿ ನೆಲಕ್ಕೆ ಜಮಖಾನ ಹಾಸಿತ್ತು, ಕಾಲಿಗೆ ಹಿಡಿತ ಸಿಗುತ್ತಿತ್ತು. ಒಂದರ ಬೆನ್ನ ಮೇಲೊಂದು ಜಿಗಿಯುತ್ತ, ಗಿರಕಿ ಹೊಡೆಯುತ್ತ ಕುಣಿದಾಡುತ್ತಿದ್ದವು. ನುಣುಪು ನೆಲದ ಮೇಲೆ ಮೊಲ ಬಿಟ್ಟವರಿಗೆ ಗೊತ್ತು, ಕಾಲು ಜಾರುವ ಕಡೆ ಅದು ಹೆದರಿ ಮೂಲೆ ಸೇರುತ್ತದೆ. ಈ ಆಟದಲ್ಲಿ ಬೆಸ್‌ನದೇ ಮೇಲುಗೈ. ಗಟ್ಟಿಮುಟ್ಟು, ಹೆದರಿಕೆ ಇಲ್ಲದ್ದು. ಒಂದು ಸಂಜೆ ಮನೆಯ ಬೆಕ್ಕು ಅದರ ಕೆನ್ನೆಗೆ ಪಂಜದಿಂದ ಮೆಲ್ಲಗೆ ತಟ್ಟಿತು. ಬೆಸ್ ಸಿಟ್ಟಾಗಿ ಬೆಕ್ಕಿನ ಬೆನ್ನ ಮೇಲೆ ಎರಡೂ ಮುಂಗಾಲುಗಳಿಂದ ತಮ್ಮಟೆ ಬಾರಿಸಿದಂತೆ ಬಡಿಯಿತು. ಬೆಕ್ಕು ತಪ್ಪಿಸಿಕೊಂಡು ಅಡಗಿದ್ದೇ ಪುಣ್ಯ.

ಆ ಬೆಸ್ ಹೆಚ್ಚು ಕಾಲ ಬದುಕಲಿಲ್ಲ. ಪೂರ್ತಿ ಬೆಳೆದ ಕೆಲವೇ ದಿನಗಳಲ್ಲಿ ಸತ್ತಿತು. ಕಾರಣವನ್ನು ಕೂಪರ್ ಮುಚ್ಚಿಡಲಿಲ್ಲ. ಗೂಡನ್ನು ತೊಳೆದಿದ್ದರು, ಅದು ಇನ್ನೂ ಒದ್ದೆಯಾಗಿರುವಾಗಲೇ ಮೊಲವನ್ನು ಒಳಗೆ ಬಿಟ್ಟರು. ಅಷ್ಟೇ. ಕೊಳೆ ಇರಬಾರದೆಂದು ತೊಳೆದದ್ದೇ ಅದರ ಪ್ರಾಣಕ್ಕೆ ಬಂತು. ನಿಮ್ಮ ಮನೆಯಲ್ಲಿ ಮೊಲ, ಕೋಳಿಮರಿ, ಆಡಿನ ಮರಿ ಯಾವುದೇ ಇರಲಿ, ಥಂಡಿ ನೆಲ ಕೊಳೆಗಿಂತ ಕೆಟ್ಟದ್ದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಪುಸ್‌ನ ಕಥೆ ಬೇರೆ. ಅದು ಬೇಗ ಸಲಿಗೆ ಬೆಳೆಸಿತು. ತೊಡೆಯ ಮೇಲೆ ಹಾರಿ ಕೂತು, ಹಿಂಗಾಲ ಮೇಲೆ ನಿಂತು ಕೂಪರನ ಕಿವಿಯ ಮೇಲಣ ಕೂದಲನ್ನು ಕಚ್ಚುತ್ತಿತ್ತು. ಎತ್ತಿಕೊಂಡು ಓಡಾಡಿದರೆ ಸುಮ್ಮನಿರುತ್ತಿತ್ತು, ಎಷ್ಟೋ ಸಲ ಮೊಣಕಾಲ ಮೇಲೆಯೇ ನಿದ್ದೆ ಹೋಗುತ್ತಿತ್ತು. ಒಮ್ಮೆ ಮೂರು ದಿನ ಕಾಯಿಲೆ ಬಿತ್ತು. ಉಳಿದೆರಡು ಮೊಲಗಳು ರೋಗದ ಮೊಲವನ್ನು ಪೀಡಿಸುತ್ತವೆಂದು ಕೂಪರ್ ಅದನ್ನು ಬೇರೆ ಇರಿಸಿ, ಒಂದೊಂದೇ ಸೊಪ್ಪು ಹಿಡಿದು ಯಾವುದನ್ನು ತಿನ್ನುತ್ತದೋ ಎಂದು ಪರೀಕ್ಷಿಸುತ್ತ ಉಪಚರಿಸಿದ. ವಾಸಿಯಾದ ಮೇಲೆ ಪುಸ್ ಒಂದು ಕೆಲಸ ಮಾಡಿತು. ಅವನ ಕೈಯನ್ನು ನೆಕ್ಕಿತು. ಮೊದಲು ಕೈಯ ಹಿಂಭಾಗ, ಆಮೇಲೆ ಅಂಗೈ, ಆಮೇಲೆ ಒಂದೊಂದು ಬೆರಳು, ಬೆರಳುಗಳ ಸಂದು, ಒಂದು ಜಾಗವನ್ನೂ ಬಿಡದೆ. ಜೀವಮಾನದಲ್ಲಿ ಅದು ಹಾಗೆ ಮಾಡಿದ್ದು ಇನ್ನೊಂದೇ ಸಲ, ಅದೂ ಮತ್ತೆ ಕಾಯಿಲೆಯಿಂದ ಎದ್ದಾಗ.

ಬೆಳಗಿನ ಉಪಾಹಾರ ಮುಗಿದ ಮೇಲೆ ಕೂಪರ್ ಪುಸ್‌ನನ್ನು ತೋಟಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿ ಸೌತೆ ಬಳ್ಳಿಯ ಎಲೆಗಳ ಕೆಳಗೆ ಅಡಗಿ ಅದು ಸಂಜೆಯವರೆಗೆ ನಿದ್ದೆ ಮಾಡುತ್ತಿತ್ತು, ನಡುನಡುವೆ ಎಲೆಯನ್ನೇ ಮೇಯುತ್ತಿತ್ತು. ಅದು ಮೆಲುಕು ಹಾಕುತ್ತದೆಂದು ಕೂಪರ್ ತಿಳಿದಿದ್ದ. ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ. ತಾನು ಹಾಕಿದ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿಂದು ಎರಡನೆಯ ಸಲ ಜೀರ್ಣಿಸಿಕೊಳ್ಳುತ್ತದೆ. ಸಾಕುಮೊಲ ಹಾಗೆ ಮಾಡುವುದನ್ನು ಕಂಡು ರೋಗವೆಂದು ಗಾಬರಿಯಾಗುವವರಿದ್ದಾರೆ, ಆಗಬೇಕಾಗಿಲ್ಲ. ತೋಟದ ರುಚಿ ಹತ್ತಿದ ಮೇಲೆ ಪುಸ್ ತಾನೇ ಬಂದು ಕರೆಯುವುದನ್ನು ಕಲಿಯಿತು. ಮೊಣಕಾಲ ಮೇಲೆ ಮುಂಗಾಲುಗಳಿಂದ ಬಡಿಯುವುದು, ಮುಖವನ್ನೇ ನೋಡುವುದು. ತಿಳಿಯಲಿಲ್ಲವೆಂದರೆ ಕೋಟಿನ ಅಂಚನ್ನು ಹಲ್ಲಿನಿಂದ ಹಿಡಿದು ಬಲವೆಲ್ಲ ಹಾಕಿ ಎಳೆಯುವುದು.

ಇನ್ನು ಟೈನಿ. ಈ ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಅದು ಎಂದೂ ಪಳಗಲಿಲ್ಲ. ಅದಕ್ಕೂ ಅದೇ ಗೂಡು, ಅದೇ ತಿನಿಸು. ಕಾಯಿಲೆ ಬಿದ್ದಾಗ ಅದೇ ಉಪಚಾರ. ವಾಸಿಯಾದ ಮೇಲೆ ಬೆನ್ನು ಸವರಲು ಕೈ ನೀಡಿದರೆ ಗುರುಗುಟ್ಟಿ, ಮುಂಗಾಲಿನಿಂದ ಹೊಡೆದು, ಹಾರಿ ಕಚ್ಚುತ್ತಿತ್ತು. ಕೂಪರ್ ಬೇಸರಪಟ್ಟುಕೊಳ್ಳಲಿಲ್ಲ, ಹೊರಗಟ್ಟಲಿಲ್ಲ. ಅದರ ಸಿಡುಕನ್ನೇ ನೋಡಿ ನಗುತ್ತಿದ್ದ. ಆಟದ ಹೊತ್ತಿನಲ್ಲೂ ಅದು ಮುಖ ಗಂಟಿಕ್ಕಿಕೊಂಡೇ ಕುಣಿಯುವುದು ಅವನಿಗೆ ತಮಾಷೆಯಾಗಿ ಕಾಣುತ್ತಿತ್ತು. ಹೀಗೆ ಒಂಬತ್ತು ವರ್ಷ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ಕೊಡದ ಪ್ರಾಣಿಯನ್ನು ಒಂಬತ್ತು ವರ್ಷ ಸಾಕುವುದು ಸುಲಭವಲ್ಲ, ಒದೆಯುವ ಹಸು ಕಟ್ಟಿದವರನ್ನು ಕೇಳಿ ನೋಡಿ.

ಒಂದೇ ಜಾತಿಯ ಮೊಲಗಳಾದರೂ ಮೂರರ ಸ್ವಭಾವ ಮೂರು ಬಗೆ. ಮುಖ ನೋಡಿದರೇ ಇಂಥದು ಎಂದು ಆತ ಗುರುತಿಸುತ್ತಿದ್ದ. ಕುರುಬನಿಗೆ ಮಂದೆಯ ಒಂದೊಂದು ಕುರಿಯ ಮುಖವೂ ಬೇರೆಯೇ ಎಂಬುದು ಅವನಿಗೂ ತಿಳಿದಿತ್ತು. ಸಾವಿರ ಮೊಲಗಳಿದ್ದರೂ ಹಾಗೆಯೇ ಇರುತ್ತದೆಂದು ಅವನ ನಂಬಿಕೆ. ಅವುಗಳ ಕುತೂಹಲವನ್ನೂ ಗಮನಿಸಿದ್ದ. ಜಮಖಾನದಲ್ಲಿ ಸುಟ್ಟ ತೂತೊಂದಕ್ಕೆ ತೇಪೆ ಹಾಕಿದರೆ, ಮೊಲಗಳು ಬಂದು ಆ ತೇಪೆಯನ್ನು ಮೂಸಿ ಪರೀಕ್ಷೆ ಮಾಡದೆ ಬಿಡುತ್ತಿರಲಿಲ್ಲ. ದಿನವೂ ನೋಡುವ ಕೆಲವರನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಒಮ್ಮೆ ಹಿಟ್ಟಿನ ಗಿರಣಿಯವನು ಬಂದಾಗ ಹಿಟ್ಟು ಮೆತ್ತಿದ ಅವನ ಕೋಟಿಗೆ ತಕ್ಷಣ ಮರುಳಾದವು. ಮೂಗೇ ಅವುಗಳಿಗೆ ಸ್ನೇಹ ಹೇಳಿಕೊಡುತ್ತದೆಂದು ಆತ ತೀರ್ಮಾನಿಸಿದ.

1780ರ ಆಗಸ್ಟಿನ ಒಂದು ರಾತ್ರಿ ಪುಸ್ ಓಡಿಹೋಯಿತು. ಎಂಟು ಒಂಬತ್ತರ ನಡುವೆ, ಮನೆಯವರು ಊಟಕ್ಕೆ ಕೂತಿದ್ದಾಗ. ಗಾಳಿ ಬರಲೆಂದು ಕಿಟಕಿಗೆ ಹೆಣಿಗೆಯ ಜಾಲರಿ ಕಟ್ಟಿದ್ದರು. ಅದರ ದಾರಗಳನ್ನು ಮೊಲ ಕಡಿದು ಬೀದಿಗೆ ಧುಮುಕಿತ್ತು. ಕಂಡವನೊಬ್ಬ ತನ್ನ ಟೋಪಿಯಿಂದ ಮುಚ್ಚಿ ಹಿಡಿಯಲು ಹೋದರೆ ಕಿಟ್ಟನೆ ಕಿರುಚಿ ಅವನ ತಲೆಯ ಮೇಲೆಯೇ ಹಾರಿತು. ಗಂಡಸರು, ಹೆಂಗಸರು, ಮಕ್ಕಳು, ನಾಯಿಗಳು, ಊರಿಗೆ ಊರೇ ಬೆನ್ನು ಹತ್ತಿತು. ಕೂಪರ್ ಓಟದಲ್ಲಿ ಚುರುಕಾದ ಒಬ್ಬನನ್ನು ಹಿಂದೆ ಅಟ್ಟಿದ. ಅವನು ನಾಯಿಗಳನ್ನು ತಡೆಯುತ್ತ, ಜನರನ್ನು ಹಿಂದೆ ಹಾಕುತ್ತ, ಊರ ಹೊರಗಿನ ಓಣಿಯಲ್ಲಿ ಮೊಲವನ್ನು ಅಡ್ಡಗಟ್ಟಿ ತಿರುಗಿಸಿದ. ಪುಸ್ ಮತ್ತೆ ಊರೊಳಕ್ಕೆ ನುಗ್ಗಿ ಚರ್ಮ ಹದ ಮಾಡುವವರ ಅಂಗಳ ಹೊಕ್ಕಿತು. ಎದುರು ಬದಿಯಲ್ಲಿ ಕೊಯ್ಲಿನ ಆಳುಗಳು ಊಟಕ್ಕೆ ಕೂತಿದ್ದರು. ಚರ್ಮ ನೆನೆಹಾಕುವ ತೊಟ್ಟಿಗಳ ತುಂಬ ನೀರು. ಒಂದರಿಂದ ಎದ್ದು ಇನ್ನೊಂದಕ್ಕೆ ಬಿದ್ದು ಮುಳುಗುವುದರಲ್ಲಿದ್ದ ಮೊಲವನ್ನು ಅವರಲ್ಲೊಬ್ಬ ಕಿವಿ ಹಿಡಿದು ಮೇಲೆತ್ತಿದ. ಮೈಗೆ ಹತ್ತಿದ ಸುಣ್ಣ ಹೋಗುವಂತೆ ಬಕೆಟ್ಟಿನಲ್ಲಿ ತೊಳೆದು, ಚೀಲದಲ್ಲಿ ಹಾಕಿಕೊಂಡು ಹತ್ತು ಗಂಟೆಗೆ ಮನೆಗೆ ತಂದುಕೊಟ್ಟರು. ಒಂದು ಉಗುರಿಗೂ ಒಂದು ಕಿವಿಗೂ ಸ್ವಲ್ಪ ಗಾಯ, ಅಷ್ಟೇ. ಕೂಪರನಿಗೆ ಆದ ಖರ್ಚು ನಾಲ್ಕು ಷಿಲ್ಲಿಂಗ್. ನೆಂಟರ ಸಹಾಯದಲ್ಲಿ ಬದುಕುತ್ತಿದ್ದವನಿಗೆ ಅದು ಸಣ್ಣ ಹಣವಲ್ಲ, ಆದರೂ ಒಂದು ಕಾಸಿಗೂ ಕೊರಗಲಿಲ್ಲ. ಅಂದ ಹಾಗೆ, ಮುಳುಗುವ ಮೊಲವನ್ನು ಕಿವಿ ಹಿಡಿದು ಎಳೆದದ್ದು ಸರಿ. ಉಳಿದ ಹೊತ್ತಿನಲ್ಲಿ ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಿರಬೇಕು. ಹಿಂಗಾಲು ಝಾಡಿಸಿ ಒದ್ದರೆ ಮೊಲದ ಬೆನ್ನುಮೂಳೆ ಮುರಿಯುವುದುಂಟು.

ಟೈನಿ 1783ರಲ್ಲಿ ಸತ್ತದ್ದಕ್ಕೂ ಸೊಂಟದ ಪೆಟ್ಟೇ ಕಾರಣ. ಎಲ್ಲಿಂದಲೋ ಬಿದ್ದು ಸೊಂಟ ಉಳುಕಿತ್ತು. ಎಂದೂ ಮೈ ಮುಟ್ಟಗೊಡದ ಈ ಮೊಲದ ಗೋರಿಗೆಂದು ಕೂಪರ್ ಒಂದು ಕವಿತೆ ಬರೆದ. ಅವನ ಕವಿತೆಗಳಲ್ಲಿ ಜನ ಹೆಚ್ಚು ಓದಿದವುಗಳಲ್ಲಿ ಅದೂ ಒಂದು.

ಮಾರನೆಯ ವರ್ಷ, 1784ರಲ್ಲಿ, ಮೊಲ ಸಾಕಿದ ತನ್ನ ಅನುಭವವನ್ನೆಲ್ಲ ಕಾಗದವಾಗಿ ಬರೆದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಮಾಸಪತ್ರಿಕೆಗೆ ಕಳಿಸಿದ. ಅದು ಪ್ರಕಟವಾಯಿತು. ಇಲ್ಲಿ ನಾನು ಹೇಳುತ್ತಿರುವ ಹೆಚ್ಚಿನ ವಿವರಗಳು ಅದರಿಂದಲೇ ತಿಳಿದುಬಂದವು. ತಿನಿಸಿನ ವಿಚಾರದಲ್ಲಂತೂ ಆತ ಒಳ್ಳೆಯ ಕೃಷಿ ಸಲಹೆಗಾರನಂತೆ ಬರೆದಿದ್ದಾನೆ. ಮುರಿದರೆ ಹಾಲು ಬರುವ ಕಳೆಸೊಪ್ಪುಗಳು, ಡ್ಯಾಂಡೆಲಿಯನ್, ಲೆಟ್ಯೂಸ್ ಮೊಲಗಳಿಗೆ ಬಲು ಇಷ್ಟ. ಹಸಿರು ಪೈರಿನ ಎಲೆ, ದಂಟು ತಿನ್ನುತ್ತವೆ, ತೆನೆಯನ್ನು ಮೂಸುವುದು ಅಪರೂಪ. ಶುದ್ಧವಾದ ಗೋಧಿ ಹುಲ್ಲು ಕೊಟ್ಟರೆ ಓಟ್ಸ್ ಕಾಳೂ ಬೇಕಾಗದು. ಅದೇ ಹುಲ್ಲು ಹಾಸಿಗೆಯೂ ಆಗುತ್ತದೆ, ದಿನವೂ ಕೊಡವಿ ಹಾಕಿದರೆ ಬಹಳ ದಿನ ಒಣಗಿರುತ್ತದೆ. ನೀರು ತುಂಬಿದ ಎಳೆಸೊಪ್ಪನ್ನೇ ಹೆಚ್ಚಾಗಿ ಕೊಟ್ಟರೆ ಕುರಿಗೆ ಆಗುವಂತೆ ಇವಕ್ಕೂ ರೋಗ ಬರುತ್ತದೆ. ಚಳಿಗಾಲದಲ್ಲಿ ಗಜ್ಜರಿಯ ಸೀಳು, ತೆಳ್ಳಗೆ ಹೆರೆದ ಸೇಬಿನ ಸಿಪ್ಪೆ. ಸಿಪ್ಪೆ ಇಷ್ಟ, ಹಣ್ಣು ಬೇಡ. ಆಗ ನೀರು ಇಡಲೇಬೇಕು, ಆದರೆ ಹಾಸಿಗೆಯ ಮೇಲೆ ಉರುಳಿಸಿಕೊಳ್ಳದಂತೆ ಇಡಬೇಕು. ಬೇಲಿಯ ಮುಳ್ಳುಗಿಡದ ಕಡ್ಡಿ ಹಾಕಿದರೆ ದಪ್ಪ ಕಟ್ಟಿಗೆಯನ್ನೂ ತೇಯ್ದು ತಿನ್ನುತ್ತವೆ. ಇವಕ್ಕೆ ಕೆಟ್ಟ ವಾಸನೆ ಇಲ್ಲ, ಮೈ ಸದಾ ಶುಚಿ ಮಾಡಿಕೊಳ್ಳುತ್ತವೆ.

ಇದರಲ್ಲಿ ಇಂದಿನ ಪಶುವೈದ್ಯರು ಒಪ್ಪದ ಮಾತು ಮುಖ್ಯವಾಗಿ ಒಂದು. ಕೂಪರ್ ದಿನವೂ ಸಂಜೆ ರೊಟ್ಟಿಯನ್ನು, ಅಂದರೆ ಬ್ರೆಡ್ಡನ್ನು, ಚೌಕ ತುಂಡು ಮಾಡಿ ಮುಖ್ಯ ಆಹಾರವಾಗಿ ಇಡುತ್ತಿದ್ದ. ಬ್ರೆಡ್ಡು ಮೊಲದ ಹೊಟ್ಟೆಗೆ ಹೇಳಿದ್ದಲ್ಲ. ಮೊಲದ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ; ನಾರಿನ ಒಣಹುಲ್ಲನ್ನು ಇಡೀ ದಿನ ಅಗಿಯುತ್ತಿದ್ದರೇ ಅದು ಸವೆಯುವುದು, ಕರುಳೂ ಸರಿಯಾಗಿ ಓಡುವುದು. ಕೂಪರನ ಮೊಲಗಳನ್ನು ಉಳಿಸಿದ್ದು ಬ್ರೆಡ್ಡಲ್ಲ, ಅದರ ಜೊತೆಗಿದ್ದ ಹುಲ್ಲು, ಸೊಪ್ಪು, ಮುಳ್ಳುಕಡ್ಡಿಗಳು ಎಂದೇ ನನ್ನ ಅಭಿಪ್ರಾಯ. ಇನ್ನೊಂದು ಮಾತು. ಆತ ತನ್ನ ಮಾರ್ಕ್ವಿಸ್ ಎಂಬ ಸ್ಪ್ಯಾನಿಯೆಲ್ ನಾಯಿಯನ್ನು ಪುಸ್‌ಗೆ ಪರಿಚಯ ಮಾಡಿಸಿದ. ಎರಡೂ ಒಂದೇ ಕೈಯಿಂದ ಬ್ರೆಡ್ಡು ತಿಂದವು. ನಾಯಿಗೂ ಮೊಲಕ್ಕೂ ಹುಟ್ಟು ಹಗೆ ಇಲ್ಲ, ಅಟ್ಟಲು ಮನುಷ್ಯನೇ ಕಲಿಸುತ್ತಾನೆ ಎಂದು ಆತ ವಾದಿಸಿದ. ಮಾತು ಚೆನ್ನಾಗಿದೆ, ನಿಮ್ಮ ತೋಟದ ನಾಯಿಯನ್ನು ನಂಬಿ ಮಾತ್ರ ಪ್ರಯೋಗ ಮಾಡಬೇಡಿ.

ಕಾಡುಮೊಲದ ವಿಚಾರದಲ್ಲಿ ಪ್ರಯೋಗಕ್ಕೆ ಅವಕಾಶವೇ ಇಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಹೊಲದಲ್ಲಿ ಒಂಟಿಯಾಗಿ ಸಿಕ್ಕ ಮರಿ ತಬ್ಬಲಿ ಎಂದೂ ತಿಳಿಯಬೇಡಿ. ತಾಯಿಮೊಲ ಮರಿಯನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ದೂರವಿರುತ್ತದೆ, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಹಗಲೆಲ್ಲ ಅದರ ಬಳಿ ಸುಳಿಯದಿರುವುದೇ ಮರಿಗೆ ಕಾವಲು. ಗಾಯವಿಲ್ಲದ ಮರಿಯನ್ನು ಕಂಡಲ್ಲೇ ಬಿಡಿ. ಕೊಯ್ಲಿಗೆ ಅಡ್ಡಿಯಾದರೆ ಪಕ್ಕದ ಬದುವಿನ ಹುಲ್ಲಿಗೆ ಸರಿಸಿ. ನಾಯಿ ಕಚ್ಚಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಸಾಕುಮೊಲದ ಮಾತು ಬೇರೆ. ಪೇಟೆಯಲ್ಲಿ ಮಕ್ಕಳ ಹಟಕ್ಕೆ ಕೊಂಡು, ಬೇಸರವಾದ ಮೇಲೆ ಬೀದಿಗೆ ಬಿಟ್ಟ ಮೊಲ ನಿಮ್ಮ ಕೈ ಸೇರಿದರೆ ಕೂಪರನ ಒಣ ಹಾಸಿಗೆ, ಕೆಳಗಿನ ತಟ್ಟೆ, ಸಂಜೆಯ ಜಮಖಾನ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಒಂದನ್ನು ಮಾತ್ರ ನಾವು ಸೇರಿಸಿಕೊಳ್ಳಬೇಕು. ಆತನ ಊರಿನಲ್ಲಿ ಚಳಿಯೇ ಶತ್ರು, ನಮ್ಮಲ್ಲಿ ಬಿಸಿಲು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಮೊಲ ಒಂದೇ ಮಧ್ಯಾಹ್ನದಲ್ಲಿ ಸತ್ತುಹೋಗಬಹುದು. ಮನೆಯೊಳಗಿನ ತಂಪು ಮೂಲೆಯೇ ಅದಕ್ಕೆ ಸರಿ.

ಮೊಲಗಳು ಬಂದ ಮೇಲೆ ಕೂಪರನ ಕೈಗೆ ಕೆಲಸ ತಪ್ಪಲಿಲ್ಲ. ಮೇಜು ಮಾಡಿದ, ಹಕ್ಕಿಗೂಡು ಮಾಡಿದ, ಪಾರಿವಾಳ, ಗಿನಿಹಂದಿ ಸಾಕಿದ. ಲಾಯದ ಹಸಿಗೊಬ್ಬರವನ್ನು ಪದರ ಪದರವಾಗಿ ತುಳಿದು ಕೂರಿಸಿ, ಅದು ಕಾವು ಕಟ್ಟಿದ ಮೇಲೆ ಮೇಲೆ ಮಣ್ಣು ಹರವಿ ಗಾಜು ಮುಚ್ಚಿ, ಚಳಿಯ ದೇಶದಲ್ಲಿ ಕಾಲಕ್ಕೆ ಮೊದಲೇ ಸೌತೆ ಬೆಳೆದ. ಆಮೇಲೆ ಮೆಲ್ಲಗೆ ಲೇಖನಿ ಹಿಡಿದ. ಮೊದಲ ಕವನ ಸಂಗ್ರಹ 1782ರಲ್ಲಿ ಬಂತು, ಐವತ್ತು ದಾಟಿದ ಮೇಲೆ. 1785ರಲ್ಲಿ ದಿ ಟಾಸ್ಕ್ ಎಂಬ ದೊಡ್ಡ ಕಾವ್ಯ. ಅದರಲ್ಲಿ ಗೊಬ್ಬರದ ಪಾತಿಯ ಸೌತೆಯೂ ಇದೆ, ತನ್ನ ಮೊಲವೂ ಇದೆ, ಮೋಜಿಗಾಗಿ ಮೊಲವನ್ನು ಬೇಟೆಯಾಡುವ ದೊಡ್ಡಮನುಷ್ಯರ ಮೇಲೆ ಕಟುವಾದ ಮಾತೂ ಇದೆ. 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಬರೆದ ಹಾಡುಗಳು ಇಂಗ್ಲೆಂಡಿನಲ್ಲೆಲ್ಲ ಹರಡಿದವು.

ರೋಗ ಅವನನ್ನು ಪೂರ್ತಿ ಬಿಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. 1787ರಲ್ಲಿ ಮತ್ತೆ ಬಂತು, 1794ರ ನಂತರ ಬಿಡಲೇ ಇಲ್ಲ. ಮೇರಿ ಅನ್ವಿನ್ ಪಾರ್ಶ್ವವಾಯು ಬಡಿದು ಕೊನೆಗೆ 1796ರ ಡಿಸೆಂಬರಿನಲ್ಲಿ ತೀರಿಕೊಂಡಳು. ಕೂಪರ್ ನಾರ್ಫಕ್ ಸೀಮೆಯ ಈಸ್ಟ್ ಡೀರೆಮ್ ಎಂಬಲ್ಲಿ 1800ರ ಏಪ್ರಿಲ್ 25ರಂದು ಸತ್ತ. ಆದರೆ 1774 ಮತ್ತು 1786ರ ನಡುವಿನ ಹನ್ನೆರಡು ವರ್ಷ, ಅಂದರೆ ಹಜಾರದಲ್ಲಿ ಮೊಲಗಳು ಓಡಾಡುತ್ತಿದ್ದ ಅಷ್ಟೂ ಕಾಲ, ಅವನ ಬದುಕಿನಲ್ಲಿ ಹೆಚ್ಚು ಬೆಳಕಿದ್ದ ಕಾಲ.

ಓಲ್ನಿಯ ಆ ಮನೆ 1900ರಿಂದ ವಸ್ತುಸಂಗ್ರಹಾಲಯವಾಗಿದೆ. ಕೂಪರ್ ಸತ್ತ ಮೇಲೆ ಅವನ ಕಾಗದಗಳ ನಡುವೆ ಒಂದು ಚೀಟಿ ಸಿಕ್ಕಿತು. 1786ರ ಮಾರ್ಚ್ 9ರ ತಾರೀಕು ಹಾಕಿತ್ತು. ಆ ದಿನ ಮಧ್ಯಾಹ್ನ ಹನ್ನೆರಡು ಮತ್ತು ಒಂದು ಗಂಟೆಯ ನಡುವೆ ಪುಸ್ ಸತ್ತಿತೆಂದೂ, ಅದಕ್ಕೆ ಹನ್ನೊಂದು ವರ್ಷ ಹನ್ನೊಂದು ತಿಂಗಳಾಗಿತ್ತೆಂದೂ, ಬರಿಯ ಮುಪ್ಪಿನಿಂದ, ನೋವೇನೂ ಇಲ್ಲದಂತೆ ಪ್ರಾಣ ಹೋಯಿತೆಂದೂ ಅದರಲ್ಲಿ ಬರೆದಿಟ್ಟಿದ್ದ.